ಹಲೋ ಅಕ್ಕನ ಕತ್ತು

ಕಾಗದದ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ವಿಭಾಗದವರಿಗೆ ಮಾತ್ರ. ಉಳಿದವರಿಗೆಲ್ಲ ಅವಳು ಹಲೋ ಅಕ್ಕ. ಹರೆಯದಲ್ಲಿ ಬಂದು ಟೆಲಿಫೋನ್ ಬೋರ್ಡಿನ ಮುಂದೆ ಕುಳಿತವಳು, ನಿವೃತ್ತಿ ಕಣ್ಣಳತೆಯಲ್ಲಿ ಕಾಣುವ ಹೊತ್ತಿಗೂ ಅಲ್ಲಿಂದ ಎದ್ದಿರಲಿಲ್ಲ. ಬೋರ್ಡು ಬದಲಾಯಿತು, ಕುರ್ಚಿ ಬದಲಾಯಿತು, ಮ್ಯಾನೇಜರುಗಳಂತೂ ಬಂದರು, ಹೋದರು. ಬದಲಾಗದೆ ಉಳಿದದ್ದು ಮೆಟ್ಟಿಲ ಕೆಳಗಿನ ಆ ಕಿಟಕಿಯಿಲ್ಲದ ಕೋಣೆ, ಮತ್ತು ಗೋಡೆಯಾಚೆ ತಿರುಳು ಅರೆಯುವ ಯಂತ್ರದ ಸದ್ದು. ಮೊದಲ ವಾರ ಆ ಸದ್ದು ತಲೆ ತಿನ್ನುತ್ತದೆ, ಆಮೇಲೆ ಅದು ನಿಂತರೇ ಗಾಬರಿಯಾಗುತ್ತದೆ ಎಂದು ಅವಳು ಹೊಸಬರಿಗೆ ಹೇಳುತ್ತಿದ್ದಳು.

ಕೆಲಸ ಮಾಡುವಾಗ ಅವಳ ಬಲಗೈ ಬರೆದುಕೊಳ್ಳುತ್ತಿತ್ತು, ಎಡಗೈ ಗುಂಡಿ ಒತ್ತುತ್ತಿತ್ತು. ಎರಡು ಕೈಗೂ ಕೆಲಸ ಸಿಕ್ಕ ಮೇಲೆ ರಿಸೀವರು ಹಿಡಿಯಲು ಉಳಿದದ್ದು ಎಡಭುಜ ಒಂದೇ. ಕಿವಿ ಕೆಳಗಿಳಿಯಿತು, ಭುಜ ಮೇಲೇರಿತು, ನಡುವೆ ರಿಸೀವರು. ವರ್ಷಗಟ್ಟಲೆ ಹೀಗೆ ನಡೆದು, ಕೊನೆಗೆ ರಿಸೀವರು ಇಲ್ಲದಾಗಲೂ ಅವಳ ತಲೆ ಎಡಕ್ಕೇ ವಾಲಿ ನಿಲ್ಲತೊಡಗಿತು. ನೋಡಿದವರಿಗೆ ಅವಳು ಯಾವಾಗಲೂ ಯಾರದೋ ಕಷ್ಟವನ್ನು ಅಯ್ಯೋ ಪಾಪ ಎಂದು ಕೇಳುತ್ತಿರುವಂತೆ ಕಾಣುತ್ತಿತ್ತು. ಹಾಗಾಗಿ ಊಟದ ಹೊತ್ತಿನಲ್ಲಿ ಒಬ್ಬರಲ್ಲ ಒಬ್ಬರು ಬಂದು ಎದುರು ಕುಳಿತು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಹೇಳಿ ಮುಗಿಸಿ, ಹಗುರಾಗಿ, ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ನಿನ್ನದೇನು ಸಮಾಚಾರ ಎಂದು ಕೇಳಲು ಯಾರಿಗೂ ನೆನಪಾಗುತ್ತಿರಲಿಲ್ಲ.

ಹೇಳುವಂಥದ್ದೂ ಹೆಚ್ಚೇನಿರಲಿಲ್ಲ. ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡಿದ್ದ. ಮಕ್ಕಳಾಗಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅವಳೊಬ್ಬಳೇ. ಒಡಹುಟ್ಟಿದವಳು ಒಬ್ಬ ತಂಗಿ, ಅದೇ ಪಟ್ಟಣದ ಇನ್ನೊಂದು ತುದಿಯಲ್ಲಿ. ಬಸ್ಸು ಹಿಡಿದರೆ ಒಂದು ನಿದ್ದೆಯಷ್ಟು ದೂರ. ಜಗಳವೇನೂ ಇರಲಿಲ್ಲ. ತಂಗಿಯದು ತುಂಬಿದ ಮನೆ. ಅತ್ತೆ, ಗಂಡ, ಮಗ, ಸೊಸೆ, ಮೊಮ್ಮಗಳು. "ನೀನೇ ಬಾರೇ ಅಕ್ಕ" ಎಂದು ಅವಳು, "ನೀನೇ ಬಾ, ನನಗೆ ರಜ ಎಲ್ಲಿ" ಎಂದು ಇವಳು. ಹಾಗೇ ವರ್ಷಗಳು ಉರುಳಿದವು. ತಂಗಿಯ ಮಗನ ಮದುವೆಯಲ್ಲಿ ಎಲ್ಲರ ಚೀಲ ಕಾಯಲು ಒಬ್ಬರು ಬೇಕಾಯಿತು. ಹಲೋ ಅಕ್ಕ ಕೋಣೆಯಲ್ಲಿ ಕುಳಿತಳು. ಆಗಲೇ ಹೊರಗೆ ಮನೆಯವರೆಲ್ಲ ನಿಂತು ಫೋಟೊ ತೆಗೆಸಿಕೊಂಡಿದ್ದರು. ಆ ಫೋಟೊ ತಂಗಿಯ ಮನೆಯ ಗೋಡೆಯ ಮೇಲಿತ್ತು. ಅದರಲ್ಲಿ ಯಾರು ಇಲ್ಲ ಎನ್ನುವುದು ಆ ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಇವಳೂ ಹೇಳಲಿಲ್ಲ. ಹೊಟ್ಟೆಗೆ ಹಾಕಿಕೊಂಡಳು.

ಕತ್ತಿನ ನೋವು ಎಂದಿನಿಂದಲೋ ಇತ್ತು. ನೋವಿನ ಎಣ್ಣೆ ಹಚ್ಚಿ, ಮಾತ್ರೆ ನುಂಗಿ, ಅವಳು ಅದರ ಜೊತೆ ಸಂಸಾರ ಮಾಡುತ್ತಿದ್ದಳು. ಆ ವರ್ಷ ಅದು ಕೈಗೆ ಇಳಿಯಿತು. ಕೊನೆಯ ಎರಡು ಬೆರಳು ಜುಮುಜುಮು ಎನ್ನುತ್ತಿದ್ದವು. ಒಂದು ಸಂಜೆ ಕಾರ್ಖಾನೆಯ ಗೇಟು ದಾಟಿ ರಸ್ತೆಗೆ ಇಳಿದಾಗ ಹಿಂದಿನಿಂದ ಹಾರನ್ ಕೇಳಿಸಿತು. ತಿರುಗಿ ನೋಡಲು ಕತ್ತು ಬರಲಿಲ್ಲ. ಬಾಗಿಲು ತಿರುಗಿದಂತೆ ಇಡೀ ಮೈ ತಿರುಗಿಸುವಷ್ಟರಲ್ಲಿ ಸರಕಿನ ವ್ಯಾನೊಂದು ಅವಳ ಚೀಲವನ್ನು ಸವರಿಕೊಂಡು ಹೋಯಿತು. ಊಟದ ಡಬ್ಬಿ ರಸ್ತೆಯ ಮೇಲೆ ಉರುಳಿತು.

ಕ್ಯಾಂಟೀನಿನವನು ಓಡಿಬಂದು ಡಬ್ಬಿ ಎತ್ತಿಕೊಟ್ಟ. "ಅಕ್ಕಾ, ಹೀಗೆ ಬಿಟ್ರೆ ಒಂದಿನ ನಿಮ್ಮನ್ನೇ ಎತ್ಕೊಬೇಕಾಗತ್ತೆ. ನನ್ನ ಸೊಂಟ ಹಿಡ್ಕೊಂಡಾಗ ಒಬ್ರ ಹತ್ರ ಹೋಗಿದ್ದೆ. ಕೈರೋಪ್ರಾಕ್ಟರ್ ಅಂತ. ಹೋಗಿ ತೋರಿಸ್ಕೊಳ್ಳಿ."

"ಅದೇನದು ಕೈರೋ?"

"ಹೆಸರಲ್ಲೇ ಕೈ ಇದ್ಯಲ್ಲ ಅಕ್ಕಾ. ಇಂಜೆಕ್ಷನ್ ಇಲ್ಲ, ಆಪರೇಷನ್ ಇಲ್ಲ. ಕೈಯಲ್ಲೇ ಮೂಳೆ ಸರಿ ಮಾಡ್ತಾರೆ."

ಆ ರಾತ್ರಿ ತಂಗಿಗೆ ಫೋನು ಮಾಡಿ ವಿಷಯ ಹೇಳಿದಳು. ತಂಗಿ ಯಾವ ಮಾತನ್ನೂ ಅಯ್ಯೋ ಇಲ್ಲದೆ ಶುರು ಮಾಡಿದವಳಲ್ಲ.

"ಅಯ್ಯೋ, ಬೇಡ ಕಣೇ! ಕೋಳಿ ಕತ್ತು ತಿರುವಿದ ಹಾಗೆ ತಿರುವ್ತಾರಂತೆ. ಲಟಕ್ ಅನ್ನತ್ತಂತೆ. ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ಕೊಳ್ಳೋರು? ಇರು, ಮಗು ಹಾಲು ಚೆಲ್ಲಿತು, ಆಮೇಲೆ ಮಾಡ್ತೀನಿ."

ಆಮೇಲೆ ಫೋನು ಬರಲಿಲ್ಲ. ಯಾರು ನೋಡ್ಕೊಳ್ಳೋರು ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು.

ಆದರೂ ಹೋದಳು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಚಿಕಿತ್ಸಾಲಯ. ಹೊರಗೆ ಗೋಡೆಗೆ ಒರಗಿಸಿದ ಕುರ್ಚಿಗಳು, ಒಳಗೆ ಉದ್ದನೆಯ ಮೇಜಿನಂಥ ಹಾಸಿಗೆ, ಮುಖ ಇಡಲು ಅದರಲ್ಲೊಂದು ತೂತು. ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಬೆನ್ನೆಲುಬು ತೂಗುಹಾಕಿದ್ದರು. ಡಾಕ್ಟರು ನಡುವಯಸ್ಸಿನ ಗಿಡ್ಡ ಹೆಂಗಸು. ತೋಳು ಮಡಚಿದ ಅಂಗಿ, ಕತ್ತರಿಸಿದ ಉಗುರು. ಹೆಂಗಸು ಎಂದು ನೋಡಿಯೇ ಹಲೋ ಅಕ್ಕನ ಅರ್ಧ ಭಯ ಇಳಿಯಿತು.

ಉಳಿದರ್ಧ ಪ್ರಶ್ನೆಗಳಲ್ಲಿ ಇಳಿಯಿತು. ಬಂದ ಕೂಡಲೇ ಹಿಡಿದು ತಿರುಚುತ್ತಾರೆ ಎಂದುಕೊಂಡಿದ್ದವಳಿಗೆ, ಡಾಕ್ಟರು ಮೈ ಮುಟ್ಟುವ ಮೊದಲು ಇಷ್ಟೊಂದು ಕೇಳುವುದು ಆಶ್ಚರ್ಯವಾಯಿತು. ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ? ಯಾವಾಗಲಾದರೂ ಬಿದ್ದದ್ದಿದೆಯೆ? ತಲೆ ಸುತ್ತುತ್ತದೆಯೆ? ರಕ್ತದೊತ್ತಡ, ಮೂಳೆ ಸವೆತ? ಯಾವ ಮಗ್ಗುಲಿಗೆ ಮಲಗುತ್ತೀರಿ? ಎಷ್ಟು ದಿಂಬು? ಯಾವ ಮಗ್ಗುಲಿಗೆ ಮಲಗುತ್ತೀಯ ಎಂದು ಅವಳನ್ನು ಯಾರಾದರೂ ಕೇಳಿ ಯಾವ ಕಾಲವಾಗಿತ್ತೋ. ಉತ್ತರ ಕೊಡಲು ಅವಳು ಸ್ವಲ್ಪ ಯೋಚಿಸಬೇಕಾಯಿತು.

"ಗೋಡೆ ಕಡೆಗೆ," ಎಂದಳು.

ಆಮೇಲೆ ನಿಲ್ಲಿಸಿ ನೋಡಿದರು. ತಲೆ ಬಗ್ಗಿಸಿ, ಎತ್ತಿ, ಆ ಕಡೆ, ಈ ಕಡೆ. ಮೊಣಕೈ ಹತ್ತಿರ ಸಣ್ಣ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಬೆರಳು ಹಿಸುಕಲು ಹೇಳಿ ಹಿಡಿತ ನೋಡಿದರು. ಬೆನ್ನ ಮೇಲೆ ಒಂದೊಂದೇ ಮೂಳೆಯನ್ನು ಬೆರಳಿನಿಂದ ಒತ್ತುತ್ತ ಕತ್ತಿನವರೆಗೆ ಹೋದರು.

"ನಿಮ್ಮ ತಲೆ ಒಂದು ಕಡೆ ಎಳೀತಿದೆ, ಭುಜ ಇನ್ನೊಂದು ಕಡೆ."

"ಎತ್ತು ಏರಿಗೆ, ಕೋಣ ನೀರಿಗೆ," ಎಂದಳು ಹಲೋ ಅಕ್ಕ.

ಡಾಕ್ಟರು ನಕ್ಕರು. "ಹೌದು, ಹಾಗೇ. ಆದ್ರೆ ಇವತ್ತು ನಾನೇನೂ ಮಾಡಲ್ಲ. ಮೊದಲು ಎಕ್ಸ್‌ರೇ ತೆಗೆಸ್ಕೊಂಡು ಬನ್ನಿ. ನೋಡದೆ ಕತ್ತಿಗೆ ಕೈ ಹಾಕಲ್ಲ ನಾನು."

ಕತ್ತಿಗೆ ಕೈ ಹಾಕುವ ಮೊದಲು ಇಷ್ಟು ಹಿಂದೆಮುಂದೆ ನೋಡುವವರು ಸಿಕ್ಕಿದರಲ್ಲ ಎಂದು ಅವಳಿಗೆ ಧೈರ್ಯ ಬಂತು.

ಎರಡನೆಯ ಸಲ ಹೋದಾಗ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎಲ್ಲಿ ಸವೆದಿದೆ, ಎಲ್ಲಿ ಬಿಗಿದಿದೆ ಎಂದು ತೋರಿಸಿದರು. ತನ್ನದೇ ಒಳಗನ್ನು ನೋಡಿ ಅವಳಿಗೆ ಸ್ವಲ್ಪ ನಾಚಿಕೆಯಾಯಿತು. ಡಾಕ್ಟರು ಎಲ್ಲ ಮೊದಲೇ ಹೇಳಿದರು. ಟಕ್ ಎಂದು ಸದ್ದು ಬರುತ್ತದೆ, ಅದು ಮೂಳೆ ಮುರಿದದ್ದಲ್ಲ, ಕೀಲಿನೊಳಗಿನ ಗಾಳಿ. ನಾಳೆ ನಾಡಿದ್ದು ಮೈಕೈ ನೋಯಬಹುದು. ಒಂದೇ ಸಲಕ್ಕೆ ವಾಸಿಯಾಗುವುದಿಲ್ಲ, ಪೂರ್ತಿ ವಾಸಿಯಾಗುತ್ತದೆ ಎಂದೂ ಮಾತು ಕೊಡುವುದಿಲ್ಲ. ಬೇಡ ಅನಿಸಿದರೆ ಯಾವಾಗ ಬೇಕಾದರೂ ಕೈ ಎತ್ತಿ, ನಿಲ್ಲಿಸುತ್ತೇನೆ.

"ಮೊದಲ ಸಲ ಆದ್ಮೇಲೆ ಕೆಲವರಿಗೆ ತಲೆ ಹಗುರ ಆದ ಹಾಗಾಗತ್ತೆ. ಇವತ್ತು ಮನೇಲಿ ಜೊತೆಗೆ ಯಾರಾದ್ರೂ ಇರ್ಬೇಕು. ಇದ್ದಾರಾ?"

"ಇದ್ದಾಳೆ, ತಂಗಿ," ಎಂದುಬಿಟ್ಟಳು ಹಲೋ ಅಕ್ಕ. ಇಲ್ಲ ಎಂದರೆ ವಾಪಸ್ಸು ಕಳಿಸುತ್ತಾರೇನೋ ಎಂಬ ಭಯಕ್ಕೆ ಬಾಯಿಗೆ ಬಂದ ಮಾತು ಅದು.

ಮೇಜಿನ ಮೇಲೆ ಅಂಗಾತ ಮಲಗಿದಳು. ಡಾಕ್ಟರು ತಲೆಯ ಹಿಂದೆ ಕುಳಿತು ಎರಡೂ ಅಂಗೈಯಲ್ಲಿ ಅವಳ ತಲೆಯನ್ನು ಎತ್ತಿ ಹಿಡಿದರು. "ಭಾರ ಬಿಡಿ. ಇನ್ನೂ ನೀವೇ ಹೊತ್ಕೊಂಡಿದೀರಿ. ಬಿಡಿ. ನಾನು ಹಿಡ್ಕೊಂಡಿದೀನಿ."

ಬಿಡುವುದು ಅಷ್ಟು ಸುಲಭವಿರಲಿಲ್ಲ. ತಲೆಯನ್ನು ಹೊರುವವರು ಬೇರೆ ಯಾರೂ ಇಲ್ಲದೆ ಅಭ್ಯಾಸವೇ ತಪ್ಪಿಹೋಗಿತ್ತು. ಡಾಕ್ಟರು ಅವಸರ ಮಾಡದೆ ಕಾದರು. ಆ ಅಂಗೈಗಳು ಬೆಚ್ಚಗಿದ್ದವು. ಉಸಿರು ಹೊರಗೆ ಬಿಡಿ ಎಂದರು. ಬಿಟ್ಟಳು. ಟಕ್.

ನೋವಾಗಲಿಲ್ಲ. ಆದರೆ ಕಣ್ಣಿನಿಂದ ನೀರು ಎರಡೂ ಕಿವಿಯ ಕಡೆಗೆ ಹರಿಯಿತು. ಡಾಕ್ಟರ ಕೈ ಒದ್ದೆಯಾಯಿತು.

"ನೋಯ್ತಾ?"

"ಇಲ್ಲ."

"ಪರ್ವಾಗಿಲ್ಲ. ಇಲ್ಲಿ ತುಂಬ ಜನ ಅಳ್ತಾರೆ," ಎಂದು ಡಾಕ್ಟರು ಒಂದು ಮೆತ್ತನೆಯ ಬಟ್ಟೆ ಕೊಟ್ಟು, ಕೈ ತೊಳೆಯಲು ಹೋದರು.

ಮನೆಗೆ ಬಂದು ಮೆಟ್ಟಿಲು ಹತ್ತಿ ಬಾಗಿಲು ತೆರೆದು ಕುರ್ಚಿಯಲ್ಲಿ ಕುಳಿತಳು. ಕತ್ತನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದಳು. ಎಷ್ಟೋ ಕಾಲದಿಂದ ಮೈಯೆಲ್ಲ ತಿರುಗಿಸದೆ ಕಾಣದಿದ್ದ ಬಲಗಡೆಯ ಗೋಡೆ ಕುಳಿತಲ್ಲಿಂದಲೇ ಕಂಡಿತು. ಅಲ್ಲಿ ಸುಣ್ಣ ಉದುರಿತ್ತು. ಕೆಳಗೆ ಸೈಕಲ್ ಅಂಗಡಿಯವನು ಕದ ಎಳೆದು ಮನೆಗೆ ಹೋದ. ಕತ್ತು ತಿರುಗಿತು ಎಂದು ಯಾರಿಗಾದರೂ ಹೇಳಬೇಕು ಅನಿಸಿತು. ತಂಗಿಯ ಮನೆಯಲ್ಲಿ ಅದು ಮಗುವಿಗೆ ಊಟ ಮಾಡಿಸುವ ಹೊತ್ತು. ಸುಮ್ಮನಾದಳು.

ಅಷ್ಟರಲ್ಲಿ ಫೋನು ಬಂತು. ಡಾಕ್ಟರು.

"ಹೇಗಿದೀರಿ? ತಲೆ ಸುತ್ತೋದು, ವಾಂತಿ ಏನಾದ್ರೂ?"

"ಇಲ್ಲ ಡಾಕ್ಟ್ರೇ, ಚೆನ್ನಾಗಿದೀನಿ."

"ಒಳ್ಳೇದು. ಸ್ವಲ್ಪ ನಿಮ್ಮ ತಂಗಿಗೆ ಕೊಡಿ. ಏನೇನು ಗಮನಿಸ್ಬೇಕು ಅಂತ ಅವರಿಗೂ ಹೇಳ್ಬಿಡ್ತೀನಿ."

ಸ್ನಾನಕ್ಕೆ ಹೋಗಿದ್ದಾಳೆ ಎನ್ನಬಹುದಿತ್ತು, ಅಂಗಡಿಗೆ ಹೋಗಿದ್ದಾಳೆ ಎನ್ನಬಹುದಿತ್ತು. ಆದರೆ ಆಯುಷ್ಯವೆಲ್ಲ ಮಾಡಿದ ಕೆಲಸ ನಾಲಿಗೆಯ ತುದಿಯಲ್ಲೇ ಇತ್ತು.

"ಒಂದು ನಿಮಿಷ, ಕೊಡ್ತೀನಿ," ಎಂದಳು.

ಫೋನಿಗೆ ಅಂಗೈ ಮುಚ್ಚಿ ಹಿಡಿದಳು. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಒಬ್ಬರ ಧ್ವನಿಯನ್ನು ಇನ್ನೊಬ್ಬರು ಮಾಡಿ, ಬಾಗಿಲ ಮರೆಯಿಂದ ಅಜ್ಜಿಯನ್ನು ಆಟವಾಡಿಸುತ್ತಿದ್ದರು. ಅಜ್ಜಿ ಒಮ್ಮೆಯೂ ಕಂಡುಹಿಡಿದಿರಲಿಲ್ಲ. ಹಲೋ ಅಕ್ಕ ಗಂಟಲು ಸರಿಮಾಡಿಕೊಂಡು ಅಂಗೈ ತೆಗೆದಳು.

"ಅಯ್ಯೋ, ಡಾಕ್ಟ್ರಾ! ನಮಸ್ಕಾರ. ನಾನು ತಂಗಿ."

"ನಮಸ್ಕಾರ. ಅಕ್ಕ ಹೇಗಿದ್ದಾರೆ ಅನ್ಸತ್ತೆ ನಿಮಗೆ?"

"ಚೆನ್ನಾಗಿದ್ದಾಳೆ ಡಾಕ್ಟ್ರೇ. ಸ್ವಲ್ಪ ಸುಸ್ತಾಗಿದ್ದಾಳೆ ಅಷ್ಟೆ. ಅವಳು ಬಾಯಿ ಬಿಟ್ಟು ಹೇಳೋಳಲ್ಲ, ಎಲ್ಲ ಒಳಗೇ ಇಟ್ಕೊಳ್ಳೋದು. ನಾನೇ ನೋಡಿ ತಿಳ್ಕೋಬೇಕು."

"ಬಿಸಿನೀರಿನ ಚೀಲ ಇದ್ರೆ ಭುಜಕ್ಕೆ ಇಡಿ. ಇವತ್ತು ಭಾರ ಎತ್ತೋದು ಬೇಡ. ಒಂದೇ ದಿಂಬು."

"ಇಡ್ತೀನಿ ಡಾಕ್ಟ್ರೇ. ಅಡುಗೆ ನಾನೇ ಮಾಡ್ತಿದೀನಿ, ಅವಳನ್ನ ಕೂತ್ಕೋ ಅಂದಿದೀನಿ. ನಾನಿದೀನಲ್ಲ, ನೀವೇನೂ ಯೋಚ್ನೆ ಮಾಡ್ಬೇಡಿ."

ಫೋನು ಇಟ್ಟ ಮೇಲೆ ಅವಳಿಗೆ ನಗು ಬಂತು. ಒಬ್ಬಳೇ ಜೋರಾಗಿ ನಕ್ಕಳು. ನಗು ತಾನಾಗಿ ನಿಂತಿತು. ಖಾಲಿ ಮನೆಯಲ್ಲಿ ಆ ಕೊನೆಯ ಮಾತು ಇನ್ನೂ ಓಡಾಡುತ್ತಿರುವಂತಿತ್ತು. ಅವಳು ಎದ್ದು ನೀರು ಕಾಯಿಸಿ, ಚೀಲಕ್ಕೆ ತುಂಬಿ, ಭುಜಕ್ಕೆ ಇಟ್ಟುಕೊಂಡಳು. ಮಾತು ಕೊಟ್ಟ ಮೇಲೆ ನಡೆಸಿಕೊಡಬೇಕಲ್ಲ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ, ಆದರೆ ಇದು ಮೆಟ್ಟಿಲು ಹತ್ತಿ ಚಿಕಿತ್ಸಾಲಯದವರೆಗೂ ಬಂತು. ಮುಂದಿನ ಸಲ ಡಾಕ್ಟರು, "ನಿಮ್ಮ ತಂಗಿ ಎಷ್ಟು ಅಕ್ಕರೆ! ಪುಣ್ಯ ಮಾಡಿದೀರಿ," ಎಂದರು. ಅದರ ಮುಂದಿನ ಸಲ ಒಂದು ವ್ಯಾಯಾಮ ತೋರಿಸಿದರು. ತಲೆಯನ್ನು ಬಲಕ್ಕೆ ಬಾಗಿಸಬೇಕು, ಹಾಗೆ ಬಾಗಿಸುವಾಗ ಎಡಭುಜ ಅಭ್ಯಾಸಬಲದಿಂದ ಮೇಲೇಳುತ್ತದೆ, ಏಳದಂತೆ ಒಬ್ಬರು ಹಿಂದೆ ನಿಂತು ಒತ್ತಿ ಹಿಡಿಯಬೇಕು. "ತಂಗೀನ ಒಂದಿನ ಕರ್ಕೊಂಡು ಬನ್ನಿ. ಎಷ್ಟು ಒತ್ತಬೇಕು ಅಂತ ಅವರ ಕೈಗೆ ಹೇಳ್ಕೊಡ್ತೀನಿ. ದಿನಾ ಮಾಡಿದ್ರೆ ತುಂಬ ಉಪಯೋಗ."

ಹಲೋ ಅಕ್ಕ ಎರಡು ಸಲ ನೆಪ ಹೇಳಿದಳು. ಮೂರನೆಯ ನೆಪ ಹೊಳೆಯಲಿಲ್ಲ. ಒಂದು ಸಂಜೆ ತಂಗಿಗೆ ಫೋನು ಮಾಡಿದಳು.

"ಒಂದಿನ ನನ್ನ ಜೊತೆ ಬರ್ತೀಯಾ? ಡಾಕ್ಟ್ರು ನಿನ್ನ ನೋಡ್ಬೇಕಂತೆ."

"ಅಯ್ಯೋ, ನನಗೇನಾಗಿದೆ?"

"ನಿನಗಲ್ಲ. ನನ್ನ ಭುಜ ಹಿಡಿಯೋದು ಕಲಿಸ್ತಾರಂತೆ."

ಅಕ್ಕ ಇದುವರೆಗೆ ಏನನ್ನೂ ಕೇಳಿದವಳಲ್ಲ. "ಬರ್ತೀನಿ ಬಿಡು," ಎಂದಳು ತಂಗಿ.

ಬಂದದ್ದು ತಡವಾಗಿ. ಬಸ್ಸನ್ನೂ ಸೊಸೆಯನ್ನೂ ಬೈಯುತ್ತ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಹಲೋ ಅಕ್ಕ ಅವಳನ್ನು ಬಾಗಿಲಲ್ಲೇ ತಡೆದು ಹೇಳಬೇಕೆಂದಿದ್ದಳು. ಸಮಯ ಸಿಗಲಿಲ್ಲ. ಒಳಗಿನಿಂದ ಡಾಕ್ಟರು ಎದ್ದೇ ಬಂದರು.

"ಓ, ನೀವೇನಾ ತಂಗಿ! ಫೋನಲ್ಲೇ ಪರಿಚಯ ಆಗಿತ್ತು. ಅವತ್ತು ಅಕ್ಕನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ."

ತಂಗಿ ಅಕ್ಕನ ಮುಖ ನೋಡಿದಳು. ಹಲೋ ಅಕ್ಕನಿಗೆ ನೆಲ ಬಾಯಿ ಬಿಡಬಾರದೆ ಅನಿಸಿತು. ಕತ್ತು ತಾನಾಗಿ ಎಡಕ್ಕೆ ವಾಲಿತು.

"ಅಯ್ಯೋ, ಅದೇನು ದೊಡ್ಡ ವಿಷಯ ಡಾಕ್ಟ್ರೇ," ಎಂದಳು ತಂಗಿ.

"ಧ್ವನಿ ಮಾತ್ರ ಅವತ್ತು ಸ್ವಲ್ಪ ಬೇರೆ ಥರ ಇತ್ತು."

"ನೆಗಡಿ ಆಗಿತ್ತು."

ಡಾಕ್ಟರು ತಂಗಿಯ ಕೈ ಹಿಡಿದು ಅಕ್ಕನ ಎಡಭುಜದ ಮೇಲೆ ಇಟ್ಟರು. ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಬೇಡ, ನೋವು ಅಂದರೆ ತಕ್ಷಣ ಬಿಡಿ ಎಂದು ಕಲಿಸಿದರು. ಪಾತ್ರೆ ತಿಕ್ಕಿ ಒರಟಾದ, ಬಸ್ಸಿನ ಕಂಬಿ ಹಿಡಿದು ಇನ್ನೂ ತಣ್ಣಗಿದ್ದ ಕೈ. ಹಲೋ ಅಕ್ಕ ಕಣ್ಣು ಮುಚ್ಚಿ ತಲೆ ಬಲಕ್ಕೆ ಬಾಗಿಸಿದಳು.

ಕೆಳಗಿಳಿದು ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದರು. ಬೆಂಚಿನಲ್ಲಿ ಕುಳಿತ ಮೇಲೆ ತಂಗಿ ಕೇಳಿದಳು.

"ಏನಂದೆ ನಾನು, ಫೋನಲ್ಲಿ?"

"ಬಿಸಿನೀರಿನ ಚೀಲ ಇಡ್ತೀನಿ ಅಂದೆ."

"ಆಮೇಲೆ?"

"ಅಡುಗೆ ನಾನೇ ಮಾಡ್ತಿದೀನಿ, ಅವಳನ್ನ ಕೂತ್ಕೋ ಅಂದಿದೀನಿ ಅಂದೆ. ನಾನಿದೀನಲ್ಲ, ಯೋಚ್ನೆ ಮಾಡ್ಬೇಡಿ ಅಂದೆ."

ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅಯ್ಯೋ" ಎಂದು ಶುರು ಮಾಡಿದಳು, ಮುಂದೆ ಏನೂ ಬರಲಿಲ್ಲ. ಅವಳ ಬಸ್ಸು ಬಂತು. ಹತ್ತುವ ಮೊದಲು, "ಭಾನುವಾರ ಬರ್ತೀನಿ," ಎಂದಳು.

ಭಾನುವಾರ ಬಂದಳು. ಅದರ ಮುಂದಿನ ಭಾನುವಾರವೂ ಬಂದಳು. ಭುಜ ಹಿಡಿದು ನಿಂತು ಊರಿನ ಸಮಾಚಾರವೆಲ್ಲ ಹೇಳಿದಳು, ಸುಣ್ಣ ಉದುರಿದ ಗೋಡೆಯನ್ನು ಬೈದಳು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನಗೆ ಸರಿಕಂಡಂತೆ ಜೋಡಿಸಿ ಹೋದಳು. ಮುಂದಿನ ದಿನಗಳಲ್ಲಿ ಹಲೋ ಅಕ್ಕನಿಗೆ ಉಪ್ಪು ಸಿಗುತ್ತಿರಲಿಲ್ಲ. ಅದರಲ್ಲೂ ಒಂದು ಸುಖವಿತ್ತು. ಆಮೇಲೆ ಅತ್ತೆ ಜಾರಿ ಬಿದ್ದರು. ಆಮೇಲೆ ಮೊಮ್ಮಗಳಿಗೆ ಸಿಡುಬಿನಂಥದ್ದೇನೋ. ಒಂದು ವಾರ ತಪ್ಪಿತು, ಒಂದು ವಾರ ಫೋನು ಬಂತು, ಇನ್ನೊಂದು ವಾರ ಅದೂ ಇಲ್ಲ. ತಂಗಿಯದು ತಪ್ಪು ಎಂದು ಹಲೋ ಅಕ್ಕನಿಗೆ ಅನಿಸಲಿಲ್ಲ. ತುಂಬಿದ ಮನೆಯಿಂದ ಒಬ್ಬಳು ಎದ್ದು ಬರುವುದು ಎಷ್ಟು ಕಷ್ಟ ಎಂದು ಫೋನಿನ ಹಿಂದಿನ ಗಲಾಟೆಯಲ್ಲೇ ಗೊತ್ತಾಗುತ್ತಿತ್ತು.

ಕಾರ್ಖಾನೆಯಲ್ಲಿ ಅವಳು ಮ್ಯಾನೇಜರ ಬಳಿ ಹೋಗಿ, ತಲೆಗೆ ಹಾಕಿಕೊಳ್ಳುವ ಹೆಡ್‌ಫೋನು ಬೇಕು ಎಂದು ಕೇಳಿದಳು. "ಮೊದಲೇ ಕೇಳಬಾರದಿತ್ತಾ?" ಎಂದರು ಅವರು, ಬಹಳ ಸಹಜವಾಗಿ. ಅದು ಬಂದಮೇಲೆ ಭುಜಕ್ಕೆ ಕೆಲಸ ತಪ್ಪಿತು. ಬೆರಳಿನ ಜುಮುಜುಮು ಹೋಯಿತು. ಹಿಂದಿನಿಂದ ಹಾರನ್ ಕೇಳಿದರೆ ತಿರುಗಿ ನೋಡಲು ಬರುತ್ತಿತ್ತು. ತಲೆಯೂ ಸುಮಾರಾಗಿ ನೆಟ್ಟಗಾಯಿತು. ಆದರೆ ಊಟದ ಹೊತ್ತಿನಲ್ಲಿ ಎದುರು ಬಂದು ಕೂರುವವರು ಕಡಿಮೆಯಾದರು. ನೆಟ್ಟಗೆ ನೋಡುವ ಹೆಂಗಸಿನ ಮುಂದೆ ಕಷ್ಟ ಹೇಳಿಕೊಳ್ಳಲು ಜನಕ್ಕೆ ಏನೋ ಅಳುಕು. ಅವಳು ಡಬ್ಬಿ ಬಿಚ್ಚಿ, ಯಂತ್ರದ ಸದ್ದು ಕೇಳುತ್ತ, ಒಬ್ಬಳೇ ಉಂಡು ಮುಗಿಸುತ್ತಿದ್ದಳು.

ಚಿಕಿತ್ಸೆ ಮುಗಿಯುತ್ತ ಬಂದು, ಇನ್ನು ಮೇಲೆ ಎರಡು ತಿಂಗಳಿಗೊಮ್ಮೆ ಬಂದರೆ ಸಾಕು ಎಂದ ದಿನ ಡಾಕ್ಟರು ಕೇಳಿದರು.

"ಮನೇಲಿ ವ್ಯಾಯಾಮ ನಡೀತಿದ್ಯಾ? ತಂಗಿ ಹಿಡ್ಕೋತಾರಾ?"

"ತಂಗಿ ಮನೇಲಿಲ್ಲ ಡಾಕ್ಟ್ರೇ."

"ಎಲ್ಲಿಗಾದ್ರೂ ಹೋಗಿದ್ದಾರಾ?"

"ಅವಳ ಮನೇಲಿದ್ದಾಳೆ. ಮೊದಲಿಂದಲೂ ಅಲ್ಲೇ ಇರೋದು." ಸ್ವಲ್ಪ ತಡೆದು, "ಅವತ್ತು ಫೋನಲ್ಲಿ ಮಾತಾಡಿದ್ದೂ ನಾನೇ," ಎಂದಳು.

ಡಾಕ್ಟರು ಅವಳನ್ನು ನೋಡಿದರು. ನಗಲೂ ಇಲ್ಲ, ಬೈಯಲೂ ಇಲ್ಲ. ಒಂದು ಕುರ್ಚಿ ಎಳೆದು ಅವಳನ್ನು ಕೂರಿಸಿದರು.

"ಎಡಗೈನ ತೊಡೆ ಕೆಳಗೆ ಇಟ್ಕೊಳ್ಳಿ. ಅಂಗೈ ಮೇಲೆ ಕೂತ್ಕೊಳ್ಳಿ. ಹಾಂ. ಈಗ ತಲೆ ಬಲಕ್ಕೆ ಬಾಗ್ಸಿ. ಭುಜ ಏಳಲ್ಲ, ನೋಡಿದ್ರಾ?"

ಏಳಲಿಲ್ಲ.

"ಇದನ್ನ ಮೊದಲೇ ಹೇಳ್ಬಹುದಿತ್ತಲ್ಲ ಡಾಕ್ಟ್ರೇ."

"ಇನ್ನೊಬ್ಬರ ಕೈ ಇದ್ರೆ ಒಳ್ಳೇದು. ಇಲ್ಲದೇ ಇದ್ರೆ ಹೀಗೆ."

ಈಗ ಹಲೋ ಅಕ್ಕ ಬೆಳಿಗ್ಗೆ ಎದ್ದು, ಚಹಾ ಕುದಿಯಲು ಇಟ್ಟು, ಅಡುಗೆಮನೆಯ ಕುರ್ಚಿಯಲ್ಲಿ ತನ್ನ ಎಡಗೈಯ ಮೇಲೆ ತಾನೇ ಕುಳಿತುಕೊಳ್ಳುತ್ತಾಳೆ. ತಲೆಯನ್ನು ನಿಧಾನವಾಗಿ ಬಲಕ್ಕೆ ಬಾಗಿಸಿ, ಉಸಿರು ಬಿಟ್ಟು, ಮತ್ತೆ ನೆಟ್ಟಗೆ ತರುತ್ತಾಳೆ. ಕೈ ಜೋಮು ಹಿಡಿಯುವ ಹೊತ್ತಿಗೆ ಚಹಾ ಉಕ್ಕಲು ಬಂದಿರುತ್ತದೆ. ಎದ್ದು ಒಲೆ ಆರಿಸಿ, ಲೋಟಕ್ಕೆ ಸೋಸಿಕೊಂಡು, ಕೆಳಗೆ ಸೈಕಲ್ ಅಂಗಡಿಯ ಕದ ತೆರೆಯುವ ಸದ್ದು ಕೇಳುತ್ತ ಕುಡಿಯುತ್ತಾಳೆ.